ಸಸ್ಯಸಂರಕ್ಷಣೆಯ ಪುರಸ್ಕಾರಗಳು: ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯನ್ನು ಕುರಿತ ಒಂದು ವಿವೇಚನೆ

ಒಂದು ಸಮಾಜವು ಯಾರನ್ನು ಗೌರವಿಸುತ್ತದೆ, ಯಾವ ಕಾರ್ಯಕ್ಕಾಗಿ ಗೌರವಿಸುತ್ತದೆ ಎಂಬುದನ್ನು ಪರಿಶೀಲಿಸಿದರೆ, ಆ ಸಮಾಜವು ಯಾವುದನ್ನು ಬೆಲೆಯುಳ್ಳದ್ದೆಂದು ಎಣಿಸಿತ್ತೆಂಬುದು ತಿಳಿದುಬರುತ್ತದೆ. ವೀರಗಲ್ಲುಗಳನ್ನೂ ದಾನಶಾಸನಗಳನ್ನೂ ಇತಿಹಾಸದ ವಿದ್ಯಾರ್ಥಿಯು ಓದುವುದು ಈ ದೃಷ್ಟಿಯಿಂದಲೇ. ನಮ್ಮ ಕಾಲದ ಪದಕ, ಪ್ರಶಸ್ತಿ, ಬಿರುದುಗಳೂ ಇದೇ ಬಗೆಯ ಆಧಾರಗಳು. ಸಸ್ಯಶಾಸ್ತ್ರಕ್ಕೂ ನಾಡಿನ ಸಹಜ ಸಸ್ಯಸಂಪತ್ತಿನ ರಕ್ಷಣೆಗೂ ಸಲ್ಲುತ್ತಿರುವ ಪುರಸ್ಕಾರಗಳ ಬಗೆಗಳನ್ನು ವಿವರಿಸಿ, ಅವು ಯಾವ ಸೇವೆಯನ್ನು ಸುಲಭವಾಗಿ ಗುರುತಿಸುತ್ತವೆ, ಯಾವುದನ್ನು ಗುರುತಿಸಲಾರವು ಎಂಬುದನ್ನು ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ನಿದರ್ಶನದಿಂದ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಪೂರ್ವಪದ್ಧತಿ

ಗಿಡಮರಗಳನ್ನು ಬೆಳೆಸಿದವರನ್ನು ಸ್ಮರಿಸುವ ವಾಡಿಕೆ ನಮ್ಮಲ್ಲಿ ಹೊಸದಲ್ಲ. ಮನುಷ್ಯನ ಹೆಸರನ್ನು ಉಳಿಸತಕ್ಕ ಏಳು ಬಗೆಯ ಸಂತಾನಗಳನ್ನು ನಮ್ಮ ಹಿರಿಯರು ಎಣಿಸಿದ್ದರು. ಈ ಸಪ್ತಸಂತಾನಗಳಲ್ಲಿ ಪುತ್ರ, ದೇವಾಲಯ, ಕೆರೆ, ಅಗ್ರಹಾರ ಮೊದಲಾದುವುಗಳ ಜೊತೆಗೆ ವನವೂ ಸೇರಿದೆ. ಕೆರೆಯನ್ನು ಕಟ್ಟಿಸಿ ಅದರ ಬಳಿ ತೋಪನ್ನು ಹಾಕಿಸಿದವರನ್ನು ಶಾಸನಗಳು ಹೊಗಳುತ್ತವೆ. ಅಂಥ ಧರ್ಮಕ್ಕೆ ಕೇಡು ಬಗೆದವರಿಗೆ ಪಾಪವನ್ನು ವಿಧಿಸುತ್ತವೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸತಕ್ಕದ್ದು. ಶಾಸನಗಳು ಹೀಗೆ ಹೊಗಳುವ ವನವು ಒಬ್ಬ ದಾನಿಯು ನೆಡಿಸಿದ ವನ. ತಾನಾಗಿ ಬೆಳೆದ ಅಡವಿಯನ್ನು ಕೆಡಿಸದೆ ತಲೆಮಾರಿನಿಂದ ತಲೆಮಾರಿಗೆ ಒಪ್ಪಿಸಿದವರ ಹೆಸರಿಗೆ ಕಲ್ಲು ನಿಲ್ಲಿಸುವ ಪದ್ಧತಿ ಕಾಣುವುದಿಲ್ಲ. ನೆಡುವುದು ಒಂದು ದಿನದ, ಒಬ್ಬ ವ್ಯಕ್ತಿಯ, ಕಣ್ಣಿಗೆ ಕಾಣುವ ಕಾರ್ಯ. ಉಳಿಸುವುದು ಬಹುಕಾಲದ, ಬಹುಜನರ, ಕಣ್ಣಿಗೆ ಬೀಳದ ಕಾರ್ಯ. ಈ ಭೇದವು ಆಧುನಿಕ ಪ್ರಶಸ್ತಿಗಳಲ್ಲಿಯೂ ಮುಂದುವರಿದಿರುವುದನ್ನು ಮುಂದೆ ಕಾಣಬಹುದು.

2. ಸೀಮೆಯ ಸಸ್ಯಸಂಪತ್ತು

ಹಿಂದೆ ಅರಿಕುಠಾರವೆಂದು ಕರೆಯಲ್ಪಡುತ್ತಿದ್ದ ಊರು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅವರ ತಂದೆಯ ಹೆಸರಿನಿಂದ ಚಾಮರಾಜನಗರವಾಯಿತು. 1997ರವರೆಗೆ ಈ ಪ್ರದೇಶವು ಮೈಸೂರು ಜಿಲ್ಲೆಗೆ ಸೇರಿತ್ತು. ಆದಕಾರಣ ಇಲ್ಲಿಯ ಸಸ್ಯಗಳ ವಿಷಯವನ್ನು ತಿಳಿಯಬಯಸುವವರು ರಾವ್ ಮತ್ತು ರಾಜಿ ಅವರು 1981ರಲ್ಲಿ ಪ್ರಕಟಿಸಿದ ಮೈಸೂರು ಜಿಲ್ಲೆಯ ಸಸ್ಯವಿವರಣೆಯನ್ನೇ ನೋಡಬೇಕಾಗುತ್ತದೆ. ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲು, ಪಶ್ಚಿಮಕ್ಕೆ ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರದ ಕಾಡು ಮತ್ತು ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಇವು ಸೀಮೆಯ ಎರಡು ಮುಖ್ಯ ಅರಣ್ಯಭಾಗಗಳು. ಪೂರ್ವ ಮತ್ತು ಪಶ್ಚಿಮ ಘಟ್ಟಗಳಿಗೆ ಸೇತುವೆಯಂತಿರುವ ಬಿಳಿಗಿರಿರಂಗನ ಬೆಟ್ಟದಲ್ಲಿ ಕುರುಚಲು ಕಾಡು, ಎಲೆ ಉದುರುವ ಕಾಡು, ನಿತ್ಯಹರಿದ್ವರ್ಣದ ಶೋಲಾ ಮತ್ತು ಹುಲ್ಲುಗಾವಲುಗಳು ಒಂದರ ಪಕ್ಕದಲ್ಲೊಂದು ಇವೆ. ಇಲ್ಲಿ 700ಕ್ಕೂ ಹೆಚ್ಚು ಜಾತಿಯ ಸಸ್ಯಗಳು ದಾಖಲೆಯಾಗಿವೆ.

ಗುಂಡ್ಲುಪೇಟೆಯ ಕಾಡಿನ ರಕ್ಷಣೆಯ ಚರಿತ್ರೆಯಲ್ಲಿ ಪ್ರಾಣಿಗಳಿಗೆ ಅಗ್ರಸ್ಥಾನ. 1931ರಲ್ಲಿ ಮೈಸೂರು ಮಹಾರಾಜರ ಆಳ್ವಿಕೆಯಲ್ಲಿ ಸ್ಥಾಪಿತವಾದ ವೇಣುಗೋಪಾಲ ವನ್ಯಮೃಗೋದ್ಯಾನವು 1941ರಲ್ಲಿ ವಿಸ್ತಾರಗೊಂಡಿತು. 1973ರಲ್ಲಿ ಬಂಡೀಪುರವು ಹುಲಿಯೋಜನೆಗೆ ಸೇರಿತು. ಮೃಗಕ್ಕೆ ನೆರಳೆಂದು ಸಸ್ಯವೂ ರಕ್ಷಣೆ ಪಡೆಯಿತೇ ಹೊರತು ತನ್ನ ಬೆಲೆಯಿಂದಲೇ ಪಡೆಯಿತೆನ್ನಲಾಗದು. ಇದರ ಫಲವನ್ನು ಇಂದು ಕಾಣುತ್ತಿದ್ದೇವೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಉದ್ಯಾನದ ಅಲಂಕಾರಕ್ಕೆಂದು ಭಾರತಕ್ಕೆ ಬಂದ ಅಮೆರಿಕಾ ಮೂಲದ ಲಂಟಾನ ಈ ಎರಡು ಕಾಡುಗಳ ನೆಲವನ್ನೂ ಆಕ್ರಮಿಸಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಪರೀಕ್ಷಿಸಿದ ತುಂಡುನೆಲಗಳ ಪೈಕಿ 1997ರಲ್ಲಿ ಶೇಕಡ 41ರಷ್ಟರಲ್ಲಿ ಕಂಡುಬಂದ ಈ ಪೊದೆ 2008ರ ವೇಳೆಗೆ ಶೇಕಡ 81ರಷ್ಟರಲ್ಲಿ ಹಬ್ಬಿತ್ತು. ಆದ್ದರಿಂದ ಹಸುರಾಗಿರುವುದೆಲ್ಲವೂ ನಾಡಸಸ್ಯವಲ್ಲ. ಹಸುರನ್ನು ಹೆಚ್ಚಿಸುವುದಕ್ಕೂ ನಾಡಸಸ್ಯವನ್ನು ಉಳಿಸುವುದಕ್ಕೂ ಅಂತರವಿದೆ. ಪ್ರಶಸ್ತಿಗಳನ್ನು ತೂಗಿನೋಡುವಾಗ ಈ ಅಂತರವನ್ನು ಮರೆಯಬಾರದು.

3. ಹೆಸರಿಡುವ ಗೌರವ

ಸಸ್ಯಶಾಸ್ತ್ರದಲ್ಲಿ ಅತ್ಯಂತ ಹಳೆಯದೂ ಅತ್ಯಂತ ಬಾಳಿಕೆಯುಳ್ಳದೂ ಆದ ಪುರಸ್ಕಾರವೆಂದರೆ ಸಸ್ಯಕ್ಕೆ ವ್ಯಕ್ತಿಯ ಹೆಸರನ್ನಿಡುವುದು. ಇದಕ್ಕೆ ಸಭೆ ಬೇಡ, ಹಣ ಬೇಡ. ಆದರೆ ಪದಕವು ತುಕ್ಕುಹಿಡಿದ ಮೇಲೂ ಹೆಸರು ಉಳಿಯುತ್ತದೆ. ದಕ್ಷಿಣದ ಒಣಕಾಡುಗಳ ಜಾಲಾರಿ ಮರವನ್ನು ತೆಗೆದುಕೊಳ್ಳಬಹುದು. ಶಾಸ್ತ್ರಜ್ಞರು ಅದನ್ನು ಶೋರಿಯಾ ರಾಕ್ಸ್‌ಬರ್ಗಿಐ ಎನ್ನುತ್ತಾರೆ. ಇದರ ಪೂರ್ವಪದವು ಗವರ್ನರ್ ಜನರಲ್ ಜಾನ್ ಶೋರ್ ಅವರನ್ನೂ, ಉತ್ತರಪದವು ಕಲ್ಕತ್ತೆಯ ಸಸ್ಯೋದ್ಯಾನದ ಅಧಿಕಾರಿಯಾಗಿದ್ದ ವಿಲಿಯಂ ರಾಕ್ಸ್‌ಬರ್ಗ್ ಅವರನ್ನೂ ಸ್ಮರಿಸುತ್ತದೆ. ಒಂದು ಮರದ ಹೆಸರಿನಲ್ಲಿ ಕಂಪೆನಿ ಸರ್ಕಾರದ ಆಡಳಿತವೂ ಶಾಸ್ತ್ರವೂ ಒಟ್ಟಿಗೆ ನಿಂತಿರುವುದನ್ನು ಇತಿಹಾಸದ ವಿದ್ಯಾರ್ಥಿಗಳು ಗಮನಿಸಬಹುದು.

ಇನ್ನೂ ಹತ್ತಿರದ ನಿದರ್ಶನ ನೆಲ್ಲಿಯದು. ಬಿಳಿಗಿರಿರಂಗನ ಬೆಟ್ಟದಲ್ಲಿ ಎರಡು ಜಾತಿಯ ಕಾಡುನೆಲ್ಲಿಗಳಿವೆ. ಒಂದು ಭಾರತದಲ್ಲೆಲ್ಲ ಬೆಳೆಯತಕ್ಕದ್ದು. ಮತ್ತೊಂದು ದಕ್ಷಿಣ ಭಾರತಕ್ಕೇ ಸೀಮಿತವಾದದ್ದು, ಕೆಳಗಿನ ಕುರುಚಲು ಕಾಡಿನಲ್ಲಿ ಬೆಳೆದು ತುಸು ದೊಡ್ಡ ಕಾಯಿ ಬಿಡತಕ್ಕದ್ದು. ಈ ಎರಡನೆಯದಕ್ಕೆ ಗ್ಯಾಂಬಲ್ ಅವರು ಸಿ. ಇ. ಸಿ. ಫಿಷರ್ ಅವರ ಹೆಸರನ್ನಿಟ್ಟರು. ಫಿಷರ್ ಮದರಾಸು ಪ್ರಾಂತ್ಯದ ಅರಣ್ಯಾಧಿಕಾರಿಯಾಗಿದ್ದವರು. ಗ್ಯಾಂಬಲ್ ಅವರ ತರುವಾಯ ಆ ಪ್ರಾಂತ್ಯದ ಸಸ್ಯವಿವರಣಗ್ರಂಥವನ್ನು ಪೂರ್ಣಗೊಳಿಸಿದವರು. ಮುಂದೆ ಈ ನೆಲ್ಲಿಯನ್ನು ಫಿಲ್ಲಾಂತಸ್ ಕುಲಕ್ಕೆ ಸೇರಿಸಿದಾಗ, ಅಲ್ಲಿ ಅದೇ ಹೆಸರಿನ ಬೇರೊಂದು ಸಸ್ಯವಿದ್ದುದರಿಂದ, ಹೆಸರನ್ನು ಇಂಡೋಫಿಷೆರಿ ಎಂದು ತಿದ್ದಲಾಯಿತು. ಫಿಷರ್ ಅವರ ಪಾಂಡಿತ್ಯಕ್ಕೆ ಈ ಗೌರವವು ಸಲ್ಲತಕ್ಕದ್ದೇ. ಆದರೆ ಎರಡು ನೆಲ್ಲಿಗಳನ್ನೂ ಬೇರೆಬೇರೆ ಹೆಸರುಗಳಿಂದ ಗುರುತಿಸಿ, ಅವುಗಳ ನೆಲೆಯನ್ನೂ ಕಾಯಿ ಕೀಳುವ ಕಾಲವನ್ನೂ ತಿಳಿದಿದ್ದ ಸೋಲಿಗರ ಅರಿವು ಆ ಹೆಸರಿನಲ್ಲಿ ಎಲ್ಲಿಯೂ ಇಲ್ಲ. ಈಚಿನ ವರ್ಷಗಳಲ್ಲಿ ಇದೇ ಬೆಟ್ಟದಲ್ಲಿ ದೊರೆತ ಹೊಸ ಕಣಜವೊಂದರ ಕುಲಕ್ಕೆ ಶಾಸ್ತ್ರಜ್ಞರು ಸೋಲಿಗ ಎಂದೇ ಹೆಸರಿಟ್ಟಿದ್ದಾರೆ. ಅದು ಸಸ್ಯವಲ್ಲ, ಕೀಟ. ಆದರೂ ಹೆಸರಿಡುವ ಗೌರವವು ವ್ಯಕ್ತಿಯಿಂದ ಸಮುದಾಯದ ಕಡೆಗೆ ತಿರುಗಿತೆಂಬುದಕ್ಕೆ ಇದು ಒಳ್ಳೆಯ ಕುರುಹು.

4. ಶಾಸ್ತ್ರಕ್ಕೆ ಸಲ್ಲುವ ಪದಕಗಳು

ಎರಡನೆಯ ಬಗೆಯದು ವಿದ್ವತ್ಸಂಸ್ಥೆಗಳು ಕೊಡುವ ಪದಕ. 1788ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಲಿನೆಯನ್ ಸೊಸೈಟಿಯು ತನ್ನ ಶತಮಾನೋತ್ಸವದ ವರ್ಷವಾದ 1888ರಲ್ಲಿ ಲಿನೆಯನ್ ಪದಕವನ್ನು ಕೊಡಲಾರಂಭಿಸಿತು. ಸಸ್ಯಶಾಸ್ತ್ರದಲ್ಲಿ ಮೊದಲು ಅದನ್ನು ಪಡೆದವರು ಬ್ರಿಟಿಷ್ ಇಂಡಿಯಾದ ಸಸ್ಯಗಳನ್ನು ಏಳು ಸಂಪುಟಗಳಲ್ಲಿ ವಿವರಿಸಿದ ಜೋಸೆಫ್ ಹೂಕರ್. ಅಂದಿನಿಂದ 130 ವರ್ಷಗಳ ತರುವಾಯ, 2018ರಲ್ಲಿ, ಸಸ್ಯಶಾಸ್ತ್ರದ ಈ ಪದಕವು ಮೊದಲ ಬಾರಿಗೆ ಭಾರತೀಯರೊಬ್ಬರಿಗೆ, ಕಮಲ್ ಬಾವಾ ಅವರಿಗೆ, ಸಂದಿತು. 1996ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಅಶೋಕ ಪರಿಸರ ಸಂಶೋಧನ ಸಂಸ್ಥೆಯ (ಏಟ್ರೀ) ಸ್ಥಾಪಕರು ಇವರು. ನಾರ್ವೆಯ ರಾಜಮನ್ನಣೆಯ ವಿದ್ವತ್ಸಂಸ್ಥೆಯು ಕೊಡುವ ಗುನ್ನೆರುಸ್ ಪ್ರಶಸ್ತಿಯನ್ನು 2012ರಲ್ಲಿ ಮೊದಲಿಗರಾಗಿ ಪಡೆದವರೂ ಇವರೇ. ಇವರ ಅನೇಕ ವರ್ಷಗಳ ಸಂಶೋಧನೆಗೆ ಬಿಳಿಗಿರಿರಂಗನ ಬೆಟ್ಟವು ಮುಖ್ಯ ಕ್ಷೇತ್ರಗಳಲ್ಲೊಂದಾಗಿತ್ತೆಂಬುದು ನಮ್ಮ ಸೀಮೆಗೆ ಹೆಮ್ಮೆಯ ವಿಷಯ.

ನಮ್ಮ ದೇಶದಲ್ಲಿ ಸಸ್ಯಗಳನ್ನು ಗುರುತಿಸಿ ವರ್ಗೀಕರಿಸುವ ವಿದ್ಯೆಯು ಕ್ಷೀಣಿಸುತ್ತಿರುವುದನ್ನು ಮನಗಂಡು ಕೇಂದ್ರ ಪರಿಸರ ಮಂತ್ರಾಲಯವು 1999ರಲ್ಲಿ ಇ. ಕೆ. ಜಾನಕಿ ಅಮ್ಮಾಳ್ ರಾಷ್ಟ್ರೀಯ ಪ್ರಶಸ್ತಿಯನ್ನು ಸ್ಥಾಪಿಸಿತು. 1897ರಲ್ಲಿ ತಲಶ್ಶೇರಿಯಲ್ಲಿ ಜನಿಸಿದ ಜಾನಕಿ ಅಮ್ಮಾಳ್ ಕಬ್ಬಿನ ವಂಶವಿಜ್ಞಾನದಲ್ಲಿ ಹೆಸರಾದವರು. ಇಳಿವಯಸ್ಸಿನಲ್ಲಿ ಸೈಲೆಂಟ್ ವ್ಯಾಲಿ ಕಾಡಿನ ಉಳಿವಿಗಾಗಿ ದನಿಯೆತ್ತಿದವರು. ಹೆಸರೇ ಇಲ್ಲದ ಸಸ್ಯವನ್ನು ಯಾವ ಶಾಸನವೂ ರಕ್ಷಿಸಲಾರದಾದುದರಿಂದ ವರ್ಗೀಕರಣದ ಪ್ರಶಸ್ತಿಯು ಸಂರಕ್ಷಣೆಯ ಪ್ರಶಸ್ತಿಯೂ ಹೌದು.

ಕನ್ನಡಕ್ಕೆ ವಿಶೇಷವಾದ ಒಂದು ಪುರಸ್ಕಾರವನ್ನು ಇಲ್ಲಿಯೇ ಹೇಳಬೇಕು. ಸಸ್ಯಶಾಸ್ತ್ರಜ್ಞರಾದ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಕಾಡುಮೇಡುಗಳ ಗಿಡಗಳನ್ನು ವಿದ್ಯಾರ್ಥಿಗಳಿಗೆ ಪರಿಚಯಿಸುವ ಸಂಚಾರವನ್ನು ವಸ್ತುವಾಗುಳ್ಳ ಪುಸ್ತಕವು ಸಾಹಿತ್ಯದ ಮನ್ನಣೆ ಪಡೆದದ್ದು ಸಾಮಾನ್ಯವಲ್ಲ. ಸಸ್ಯಜ್ಞಾನವನ್ನು ಜನರ ಭಾಷೆಗೆ ತರುವುದೂ ಒಂದು ಸೇವೆಯೆಂದು ಇದರಿಂದ ಸಿದ್ಧವಾಯಿತು.

5. ನೆಟ್ಟವರಿಗೆ ಸಂದ ಗೌರವ

ಮೂರನೆಯ ಬಗೆಯು ಶಾಸ್ತ್ರಾಭ್ಯಾಸವಿಲ್ಲದ ಸಾಮಾನ್ಯರ ಸೇವೆಗೆ ಸರ್ಕಾರವು ಕೊಡುವ ಮನ್ನಣೆ. 1986ರಲ್ಲಿ ಆರಂಭವಾದ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿ ಇವುಗಳಲ್ಲಿ ಪ್ರಸಿದ್ಧವಾದುದು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರು ರಸ್ತೆಯ ಬದಿಯಲ್ಲಿ 385 ಆಲದ ಮರಗಳನ್ನು ಬೆಳೆಸಿ ಈ ಪ್ರಶಸ್ತಿಗೂ 2019ರಲ್ಲಿ ಪದ್ಮಶ್ರೀಗೂ ಪಾತ್ರರಾದರು, 2025ರಲ್ಲಿ ತೀರಿಕೊಂಡರು. ಹಿಂದಿನ ಸಾಲುಮರದ ಧರ್ಮಕ್ಕೆ ಅವರು ನೇರವಾದ ಉತ್ತರಾಧಿಕಾರಿಗಳು.

ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರ ಕಾರ್ಯವು ಇದಕ್ಕಿಂತ ತುಸು ಭಿನ್ನವಾದುದು. ಹಾಲಕ್ಕಿ ಸಮುದಾಯದ ಈಕೆ ಅರಣ್ಯ ಇಲಾಖೆಯ ಸಸ್ಯಪಾಲನ ಕ್ಷೇತ್ರದಲ್ಲಿ ದಿನಗೂಲಿಯವರಾಗಿ ಬಹುಕಾಲ ದುಡಿದವರು. 1986ರಲ್ಲಿ ವೃಕ್ಷಮಿತ್ರ, 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2020ರ ಪಟ್ಟಿಯಲ್ಲಿ ಪದ್ಮಶ್ರೀ ಇವರಿಗೆ ಸಂದುವು. 2024ರ ಡಿಸೆಂಬರಿನಲ್ಲಿ ನಿಧನರಾದರು. ಇವರು ನೆಟ್ಟ ಗಿಡಗಳ ಲೆಕ್ಕವನ್ನೇ ಪತ್ರಿಕೆಗಳು ಹೇಳಿದುವು. ಆದರೆ ಇವರ ನಿಜವಾದ ವಿದ್ಯೆ ಬೇರೆ. ಯಾವ ಮರವು ತಾಯಿಮರ, ಅದರ ಬೀಜವನ್ನು ಯಾವ ಹದದಲ್ಲಿ ಆರಿಸಬೇಕು, ಹೇಗೆ ಮೊಳೆಯಿಸಬೇಕು ಎಂಬುದನ್ನು ಇವರು ಬಲ್ಲವರಾಗಿದ್ದರು. ಕಾಡಿನ ಮರಗಳ ಬೀಜವನ್ನು ಮೊಳೆಯಿಸುವ ಇಂಥ ಅರಿವಿಲ್ಲದೆ ನಾಡಸಸ್ಯಗಳ ಪುನರುಜ್ಜೀವನವು ಸಾಧ್ಯವಿಲ್ಲ. ಪ್ರಶಸ್ತಿಯು ಸಂಖ್ಯೆಯನ್ನು ಕಂಡಿತು. ಸಂಖ್ಯೆಯ ಹಿಂದಿನ ಜ್ಞಾನವನ್ನು ಅಷ್ಟಾಗಿ ಕಾಣಲಿಲ್ಲ.

6. ಉಳಿಸಿದವರ ಪ್ರಶ್ನೆ

ಈಗ ನಮ್ಮ ಸೀಮೆಯ ಸೋಲಿಗರ ವಿಷಯಕ್ಕೆ ಬರೋಣ. ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ ನೆಲೆಸಿರುವ ಈ ಜನಕ್ಕೆ ಕಾಡಿನ ಪ್ರತಿಯೊಂದು ಭಾಗವೂ ಒಂದಲ್ಲ ಒಂದು ಕುಲದ ಎಲ್ಲೆಗೆ ಸೇರಿದ್ದು. ಪ್ರತಿ ಎಲ್ಲೆಯಲ್ಲಿಯೂ ದೇವರು, ಮಾರಿ, ವೀರರ ಸ್ಥಾನಗಳಿವೆ. ಭಾರ್ಗವಿ ಹೊಳೆಯ ದಡದಲ್ಲಿರುವ ದೊಡ್ಡಸಂಪಿಗೆಯೆಂಬ ಶತಮಾನಗಳ ಹಳೆಯ ಮರವು ಅವರ ಪೂಜಾಸ್ಥಾನ. ಅದನ್ನು ನೆಟ್ಟವರಾರೆಂಬುದು ಯಾರಿಗೂ ತಿಳಿಯದು. ಕಡಿಯದೆ ಬಿಟ್ಟವರು ಮಾತ್ರ ಇದ್ದಾರೆ.

1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಇಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. 1994ರಲ್ಲಿ ಅವರಿಗೂ ಕೇಂದ್ರಕ್ಕೂ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಿತು. 2000ದಲ್ಲಿ ಅವರು ಪದ್ಮಶ್ರೀ ಪಡೆದರು. ಇವು ಆರೋಗ್ಯ, ಶಿಕ್ಷಣ, ಗಿರಿಜನರ ಹಕ್ಕುಗಳ ಸೇವೆಗೆ ಸಂದ ಗೌರವಗಳು. ಆದರೂ ಈ ಕೇಂದ್ರದ ಮತ್ತು ಸಂಶೋಧಕರ ಸಹಯೋಗದಲ್ಲಿ 1990ರ ದಶಕದಲ್ಲಿ ನಡೆದ ಒಂದು ಕಾರ್ಯವು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ನೆಲ್ಲಿ, ಜೇನು ಮೊದಲಾದ ಕಿರು ಅರಣ್ಯ ಉತ್ಪನ್ನಗಳನ್ನು ಕಾಡಿಗೆ ಹಾನಿಯಾಗದಂತೆ ಸಂಗ್ರಹಿಸುವ ಕ್ರಮವನ್ನು ಸೋಲಿಗರೊಡನೆ ಸೇರಿ ರೂಪಿಸುವುದೇ ಆ ಕಾರ್ಯ. ಮರಗಳಲ್ಲಿ ಎಷ್ಟು ಕಾಯಿ ಇದೆಯೆಂದು ಕೀಳುವವರೇ ಮುಂಚಿತವಾಗಿ ಅಂದಾಜು ಮಾಡುವುದು, ಕೊಂಬೆಗಳನ್ನು ಕಡಿಯದಿರುವುದು, ಬೀಜ ಬಿದ್ದು ಮೊಳೆಯಲು ಒಂದು ಭಾಗವನ್ನು ಬಿಡುವುದು ಇದರ ಅಂಗಗಳಾಗಿದ್ದುವು.

ಇಲ್ಲಿ ಸೋಲಿಗರ ಜ್ಞಾನದ ಬೆಲೆಯನ್ನು ತೋರಿಸುವ ಪ್ರಸಂಗವೊಂದಿದೆ. ನೆಲ್ಲಿಯ ಮರಗಳ ಮೇಲೆ ಬದನಿಕೆಯು ಹಬ್ಬಿ ಮರಗಳು ಸೊರಗಲಾರಂಭಿಸಿದುವು. ಹಿಂದೆ ವರ್ಷದ ಮೊದಲಲ್ಲಿ ಹಾಕುತ್ತಿದ್ದ ತರಗುಬೆಂಕಿಯನ್ನು ನಿಷೇಧಿಸಿದ್ದೇ ಬದನಿಕೆಯೂ ಲಂಟಾನವೂ ಹೆಚ್ಚಲು ಕಾರಣವೆಂಬುದು ಸೋಲಿಗರ ಅಭಿಪ್ರಾಯ. ಬೆಂಕಿಯೆಂದರೆ ಕಾಡಿನ ಶತ್ರುವೆಂದು ಎಣಿಸುತ್ತಿದ್ದ ಅರಣ್ಯನೀತಿಗೆ ಇದು ವಿರುದ್ಧವಾಗಿತ್ತು. ಶಾಸ್ತ್ರಜ್ಞರು ಈ ಅಭಿಪ್ರಾಯವನ್ನು ತಳ್ಳಿಹಾಕದೆ ಪರೀಕ್ಷಾರ್ಹವೆಂದು ಸ್ವೀಕರಿಸಿದರು. 2010ರಲ್ಲಿ ಪ್ರಕಟವಾದ ಒಂದು ಪ್ರಬಂಧವು ಇದನ್ನೇ ವಸ್ತುವಾಗಿಸಿಕೊಂಡು, ಅರಣ್ಯ ನಿರ್ವಹಣೆಯಲ್ಲಿ ಸಾಂಪ್ರದಾಯಿಕ ಜ್ಞಾನದ ಸ್ಥಾನವನ್ನು ಚರ್ಚಿಸಿತು. ಇಂಥ ಅರಿವು ಯಾವ ಒಬ್ಬನ ಸೊತ್ತೂ ಅಲ್ಲ. ಆದಕಾರಣ ಅದಕ್ಕೆ ಪದಕ ಕೊಡಲು ಹೊರಟವರಿಗೆ ಕೊರಳೇ ಸಿಕ್ಕುವುದಿಲ್ಲ.

ಇದೇ ಕಾಲದಲ್ಲಿ ಒದಗಿದ ವೈಪರೀತ್ಯವನ್ನೂ ಹೇಳಬೇಕು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯ ಫಲವಾಗಿ 2006ರ ವೇಳೆಗೆ ಈ ಅಭಯಾರಣ್ಯದಲ್ಲಿ ಮಾರಾಟಕ್ಕಾಗಿ ಕಾಯಿ, ಜೇನು ಸಂಗ್ರಹಿಸುವುದು ನಿಂತುಹೋಯಿತು. ಯಾವ ಬೆಟ್ಟದ ಅನುಭವವು ವಿದ್ವಾಂಸರ ಸಭೆಗಳಲ್ಲಿ ಮಾದರಿಯೆಂದು ಕೀರ್ತಿ ಪಡೆದಿತ್ತೋ ಆ ಬೆಟ್ಟದ ಜನರು ತಮ್ಮ ಜೀವನೋಪಾಯದ ಮುಖ್ಯ ಭಾಗವನ್ನು ಕಳೆದುಕೊಂಡರು. ಕಾಡಿಗೆ ಹೋಗದವನು ಮಗನಿಗೆ ಯಾವ ಗಿಡವನ್ನು ತೋರಿಸಬಲ್ಲ? ಕೆಲಸ ನಿಂತರೆ ಅದರೊಡನೆ ಅರಿವೂ ನಿಲ್ಲುತ್ತದೆ. 2006ರ ಅರಣ್ಯಹಕ್ಕು ಕಾಯಿದೆಯ ಮೇರೆಗೆ 2011ರಲ್ಲಿ 25 ಪೋಡುಗಳ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಗಳು ದೊರೆತುವು. ಅದೇ ವರ್ಷ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಗಿದ್ದ ಕಾಡಿನಲ್ಲಿ ಹೀಗಾದದ್ದು ಭಾರತದಲ್ಲಿಯೇ ಮೊದಲು. ಇದನ್ನು ಯಾರೂ ಪ್ರಶಸ್ತಿಯೆಂದು ಕರೆಯಲಿಲ್ಲ. ಆದರೆ ಕಾಡನ್ನು ಬಲ್ಲವರೆಂಬ ಕಾರಣಕ್ಕೆ ಅದರ ಹೊಣೆಯಲ್ಲಿ ಪಾಲುಕೊಡುವುದಕ್ಕಿಂತ ದೊಡ್ಡ ಪುರಸ್ಕಾರವು ಯಾವುದೆಂದು ಕೇಳಬಹುದಾಗಿದೆ.

7. ಸಮುದಾಯಕ್ಕೂ ಸ್ಥಳಕ್ಕೂ ಸಲ್ಲುವ ಮನ್ನಣೆ

ಈಚಿನ ಕೆಲವು ಕಾಯಿದೆಗಳು ಮೇಲ್ಕಂಡ ಕೊರತೆಯನ್ನು ಕೊಂಚಮಟ್ಟಿಗೆ ತುಂಬಿವೆ. ಸಸ್ಯತಳಿಗಳ ಮತ್ತು ರೈತರ ಹಕ್ಕುಗಳ ಸಂರಕ್ಷಣೆಗಾಗಿ 2001ರಲ್ಲಿ ಆದ ಕಾಯಿದೆಯು ನಾಟಿ ತಳಿಗಳನ್ನೂ ಬೆಳೆಗಳ ವನ್ಯಬಂಧುಗಳನ್ನೂ ಕಾಪಾಡಿದವರಿಗೆ ಒಂದು ವಿಶೇಷ ನಿಧಿಯಿಂದ ಮನ್ನಣೆಯನ್ನೂ ಬಹುಮಾನವನ್ನೂ ಕೊಡಬೇಕೆಂದು ವಿಧಿಸುತ್ತದೆ. ಇದರಂತೆ ಕೊಡಲ್ಪಡುವ ಸಸ್ಯತಳಿ ಸಂರಕ್ಷಕ ಪ್ರಶಸ್ತಿಗಳಲ್ಲಿ ಬಿಡಿ ರೈತರಿಗಲ್ಲದೆ ಸಮುದಾಯಗಳಿಗೂ ಪ್ರತ್ಯೇಕವಾದ ಪ್ರಶಸ್ತಿಯಿದೆ. ಅದರ ಮೊತ್ತ 10 ಲಕ್ಷ ರೂಪಾಯಿ. ಕಾಡುನೆಲ್ಲಿ, ಕಾಡುಮಾವುಗಳು ತೋಟದ ಬೆಳೆಗಳ ವನ್ಯಬಂಧುಗಳೇ ಆದುದರಿಂದ ನಮ್ಮ ಸೀಮೆಯ ಜನರ ಸೇವೆಯೂ ಈ ವ್ಯಾಖ್ಯೆಯೊಳಗೆ ಬರತಕ್ಕದ್ದೆಂದು ವಾದಿಸಬಹುದು.

2002ರ ಜೀವವೈವಿಧ್ಯ ಕಾಯಿದೆಯು ಮತ್ತೊಂದು ದಾರಿಯನ್ನು ತೆರೆಯಿತು. ಅದು ಗೌರವಿಸುವುದು ವ್ಯಕ್ತಿಯನ್ನಲ್ಲ, ಸ್ಥಳವನ್ನು. 2007ರಲ್ಲಿ ದೇವನಹಳ್ಳಿಯ ಬಳಿಯ ನಲ್ಲೂರಿನ ಸುಮಾರು 54 ಎಕರೆಯ ಹುಣಿಸೆಯ ತೋಪು ಭಾರತದ ಮೊದಲನೆಯ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಇದೇ ಕಾಯಿದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯೂ ತನ್ನ ಎಲ್ಲೆಯ ಸಸ್ಯಪ್ರಾಣಿಗಳನ್ನೂ ಅವುಗಳ ವಿಷಯದ ಜನಪದಜ್ಞಾನವನ್ನೂ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಬರೆದಿಡಬೇಕು.

8. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಹೊರಡುವ ಅಭಿಪ್ರಾಯವನ್ನು ಸಂಗ್ರಹವಾಗಿ ಹೇಳಬಹುದು. ಶಾಸ್ತ್ರದ ಪದಕಗಳು ಬರೆದವರನ್ನು ಕಾಣುತ್ತವೆ. ಸರ್ಕಾರದ ಪ್ರಶಸ್ತಿಗಳು ನೆಟ್ಟವರನ್ನು ಕಾಣುತ್ತವೆ. ಕಡಿಯದೆ ಬಿಟ್ಟವರು, ಮಿತವಾಗಿ ಕಿತ್ತವರು, ಲಂಟಾನವನ್ನು ಕಿತ್ತು ನಾಡಗಿಡಕ್ಕೆ ಎಡೆಮಾಡಿದವರು ಎರಡರ ಕಣ್ಣಿಗೂ ಬೀಳುವುದು ವಿರಳ. ಬರೆದವರ, ನೆಟ್ಟವರ ಯೋಗ್ಯತೆಯನ್ನು ಇದರಿಂದ ಕಡಿಮೆಮಾಡಿದಂತಾಗುವುದಿಲ್ಲ. ನಾಡಸಸ್ಯಗಳ ಉಳಿವಿಗೆ ಮೂವರೂ ಬೇಕು. ಮೂರನೆಯವರನ್ನು ಮರೆತರೆ ಮೊದಲಿಬ್ಬರ ಕಾರ್ಯಕ್ಕೆ ಆಧಾರವೇ ಇಲ್ಲವಾಗುತ್ತದೆ.

ಈ ವಿಷಯದಲ್ಲಿ ಚಾಮರಾಜನಗರ, ಗುಂಡ್ಲುಪೇಟೆಗಳ ಕಾಲೇಜುಗಳಿಗೆ ಒಂದು ಸಣ್ಣ ಕರ್ತವ್ಯವಿದೆ. ವಿದ್ಯಾರ್ಥಿಗಳು ಕಾಡಂಚಿನ ಹಳ್ಳಿಗಳಿಂದಲೂ ಪೋಡುಗಳಿಂದಲೂ ಬರುತ್ತಾರೆ. ಅವರ ಮನೆಯ ಹಿರಿಯರಿಗೆ ತಿಳಿದ ಗಿಡಗಳ ಹೆಸರು, ನೆಲೆ, ಹೂಬಿಡುವ ಕಾಲ, ಉಪಯೋಗಗಳನ್ನು, ಹೇಳಿದವರ ಒಪ್ಪಿಗೆ ಪಡೆದು, ಹೇಳಿದವರ ಹೆಸರಿನೊಡನೆಯೇ ಬರೆದಿಡುವುದು ಕಷ್ಟವಾದ ಕೆಲಸವಲ್ಲ. ಸಸ್ಯಶಾಸ್ತ್ರದ ಅಧ್ಯಾಪಕರು ಶಾಸ್ತ್ರೀಯ ನಾಮವನ್ನು ಪಕ್ಕದಲ್ಲಿ ಸೇರಿಸಬಹುದು. ಇತಿಹಾಸದ ಅಧ್ಯಾಪಕರು ಆ ಹಳ್ಳಿಯ ಕಾಡಿನ ಚರಿತ್ರೆಯನ್ನು ಸೇರಿಸಬಹುದು. ಪೋಡಿನ ಮುದುಕಿಯೊಬ್ಬಳು ಎರಡು ನೆಲ್ಲಿಗಳ ಭೇದವನ್ನು ಹೇಳಿದಳೆಂದು ಆಕೆಯ ಹೆಸರಿನೊಡನೆ ಒಂದು ಪಂಕ್ತಿಯನ್ನು ಬರೆದಿಟ್ಟರೆ, ಇಂಡೋಫಿಷೆರಿ ಎಂಬ ಹೆಸರಿನಲ್ಲಿ ದೊರೆಯದ ಸ್ಥಾನವು ಆಕೆಗೆ ಅಲ್ಲಿ ದೊರೆಯುತ್ತದೆ.